ಊಟ ಮಾಡ್ಲಿಲ್ಲ, ಇಡ್ಲಿ ತಿಂದದ್ದು

ಸಕ್ಷನ್ ಬಾಟಲಿಯ ತಳದಲ್ಲಿ ಬೆಳ್ಳಗಿನ ಚೂರುಗಳು ಸೇರಿಕೊಂಡಿದ್ದವು. ಇಡ್ಲಿ. ಪಿತ್ತಕೋಶದ ಕಲ್ಲಿನ ಆಪರೇಶನ್‌ಗೆಂದು ಮೇಜಿನ ಮೇಲೆ ಮಲಗಿದ್ದ ಆ ಅಕ್ಕನಿಗೆ ಬೋಧ ತಪ್ಪಿಸುವ ಇಂಜೆಕ್ಷನ್ ಕೊಟ್ಟು ಒಂದು ನಿಮಿಷವೂ ಆಗಿರಲಿಲ್ಲ, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂತು. ಸ್ವಲ್ಪ ಶ್ವಾಸಕೋಶಕ್ಕೂ ಇಳಿಯಿತು. ಆಪರೇಶನ್ ಅಲ್ಲಿಗೇ ನಿಂತಿತು. ನಾಲ್ಕು ದಿನ ವೆಂಟಿಲೇಟರಿನಲ್ಲಿದ್ದರು. ಬದುಕಿದರು.

ಆ ಬೆಳಿಗ್ಗೆ ವಾರ್ಡಿನಲ್ಲಿ ಅವರನ್ನು ವಿಚಾರಿಸಿದವಳು ನಾನೇ. "ಅಕ್ಕ, ಊಟ ಎಂತ ಮಾಡ್ಲಿಲ್ಲ ಅಲ್ವಾ?" ಅಂತ ಕೇಳಿದ್ದೆ. "ಇಲ್ಲ ಸಿಸ್ಟರ್, ಊಟ ಮಾಡ್ಲಿಲ್ಲ" ಅಂದಿದ್ದರು. ಹಾಳೆಯಲ್ಲಿ ಟಿಕ್ ಹಾಕಿದ್ದೆ. ಟ್ಯೂಬ್ ತೆಗೆದ ಮೇಲೆ ಅವರ ಹಾಸಿಗೆಯ ಹತ್ತಿರ ಹೋಗಿ ನಿಂತೆ. ಒಡೆದ ಸ್ವರದಲ್ಲಿ ಅವರೇ ಮಾತು ತೆಗೆದರು: "ನಾನು ಸುಳ್ಳು ಹೇಳ್ಲಿಲ್ಲ ಸಿಸ್ಟರ್. ಊಟ ಮಾಡ್ಲಿಲ್ಲ. ಎರಡು ಇಡ್ಲಿ ತಿಂದದ್ದು ಅಷ್ಟೆ. ಊಟ ಅಂದ್ರೆ ಅನ್ನ ಅಲ್ವಾ?"

ಹೌದು, ನಮ್ಮ ಕಡೆ ಊಟ ಅಂದರೆ ಅನ್ನ. ಇಡ್ಲಿ, ದೋಸೆ ತಿಂಡಿಯ ಲೆಕ್ಕ. ಚಾ, ಗಂಜಿತಿಳಿ ಯಾವ ಲೆಕ್ಕಕ್ಕೂ ಇಲ್ಲ. ಹಗುರ ತಿಂಡಿಯಾದರೆ ಆರು ಗಂಟೆ, ಬರೀ ನೀರಾದರೆ ಎರಡು ಗಂಟೆ ಬಿಟ್ಟ ಮೇಲೆಯೇ ಬೋಧ ತಪ್ಪಿಸಬೇಕೆಂಬ ನಿಯಮ ನನಗೆ ಬಾಯಿಪಾಠವಿತ್ತು. ನಾನೂ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳೇ. ನನ್ನ ಅಮ್ಮನನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ಅಷ್ಟು ಗೊತ್ತಿದ್ದೂ ಆ ಪ್ರಶ್ನೆಯನ್ನು ಹಾಗೆ ಕೇಳಿದೆನಲ್ಲ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ.

ಮೆಮೊ ಬಂತು. ಇನ್ನು ಮುಂದೆ ಎಚ್ಚರ ವಹಿಸುತ್ತೇನೆ ಎಂದು ವಿವರಣೆ ಬರೆದುಕೊಟ್ಟೆ. ಅದನ್ನು ಫೈಲಿಗೆ ಸೇರಿಸಿದರು. ಮರುವಾರ ಅದೇ ವಾರ್ಡಿನಲ್ಲಿ ಬೇರೊಬ್ಬ ಸಿಸ್ಟರ್ "ಊಟ ಮಾಡ್ಲಿಲ್ಲ ಅಲ್ವಾ?" ಎಂದು ಕೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ನನ್ನ ಸಂಶೋಧನೆ ಕಾಲೇಜಿನಲ್ಲಿ ಶುರುವಾದದ್ದು ಎಷ್ಟೋ ವರ್ಷಗಳ ಮೇಲೆ, ಮನಸ್ಸಿನಲ್ಲಿ ಶುರುವಾದದ್ದು ಆ ದಿನ.

ಇದು ನಡೆದದ್ದು ಗಡಿಯ ಆಚೆ, ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಗ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ದೊಡ್ಡ ಕಾಯಿಲೆ ಅಂದರೆ ಮಂಗಳೂರಿಗೆ ಓಡುವುದು ಕಾಸರಗೋಡಿನವರಿಗೆ ಹಿಂದಿನಿಂದ ಬಂದ ರೂಢಿ. ಆ ದಿನಗಳಲ್ಲಿ ಆಂಬುಲೆನ್ಸುಗಳು ಗಡಿಯಿಂದ ಹಿಂದಿರುಗಿದವು, ಚಿಕಿತ್ಸೆ ಸಿಗದೆ ಜೀವ ಬಿಟ್ಟವರಿದ್ದಾರೆ. ಹಾಸ್ಟೆಲಿನ ಕೋಣೆಯಲ್ಲಿ ಕೂತು ಅದನ್ನೆಲ್ಲ ಕೇಳುತ್ತಿದ್ದ ನನಗೆ ನಮ್ಮವರಿಗೆ ನಮ್ಮ ಜಿಲ್ಲೆಯಲ್ಲೇ ಏನಾದರೂ ಆಗಬೇಕು ಅನ್ನಿಸಿತು. ದಾರಿ ತೆರೆದ ಮೇಲೆ ಈಚೆಗೆ ಬಂದೆ. ಒಂದೆರಡು ವರ್ಷ ದುಡಿದು ಎಂ.ಎಸ್ಸಿ. ನರ್ಸಿಂಗ್ ಸೇರಿದೆ. ಆಪರೇಶನ್ ಮತ್ತು ಐಸಿಯುಗಳಲ್ಲಿ ರೋಗಿಯ ಸುರಕ್ಷತೆ ಎಂಬ ವಿಷಯ ತೆಗೆದುಕೊಂಡೆ. ಮಾಹಿತಿ ಸಂಗ್ರಹಿಸಿದ್ದು ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ. ಹೆಸರನ್ನಾಗಲಿ ಅಲ್ಲಿಯ ಅಂಕಿಗಳನ್ನಾಗಲಿ ಹೊರಗೆ ಹೇಳುವುದಿಲ್ಲ ಎಂದು ಬರೆದುಕೊಟ್ಟಿರುವುದರಿಂದ ಇಲ್ಲಿ ಎರಡೂ ಇಲ್ಲ. ರೋಗಿಗಳ ವಿವರಗಳನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ.

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಓಟಿಯ, ಅಂದರೆ ಆಪರೇಶನ್ ಕೋಣೆಯ, ಬಾಗಿಲಲ್ಲಿ ಆ ಮಾತಿನ ಇನ್ನೊಂದು ಮುಖ ಕಾಣುತ್ತದೆ. ಒಳಗೆ ಬರುವವರು ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಮಾತಾಡುವವರು. ಬರಮಾಡಿಕೊಳ್ಳುವ ಸಿಸ್ಟರುಗಳಲ್ಲಿ ಹೆಚ್ಚಿನವರು ಕೋಟ್ಟಯಂ, ಪತ್ತನಂತಿಟ್ಟ ಕಡೆಯ ಮಕ್ಕಳು. ಕೆಲಸದಲ್ಲಿ ಬಹಳ ಚುರುಕು, ಮನಸ್ಸೂ ಒಳ್ಳೆಯದು. ಆದರೆ ಮಲಯಾಳದಲ್ಲಿ 'ಮುಟ್ಟು' ಅಂದರೆ ಮೊಣಕಾಲು. ಬೇರೆ ಆಪರೇಶನ್‌ಗೆ ಬಂದಿದ್ದ ಅರುವತ್ತು ದಾಟಿದ ಒಬ್ಬ ಅಮ್ಮನನ್ನು "ಮುಟ್ಟು ವೇದನ ಉಂಡೋ?" ಎಂದು ಕೇಳಿದರೆ ಅವರು ಏನೆಂದು ತಿಳಿಯಬೇಕು? ಪಕ್ಕದಲ್ಲಿದ್ದ ಮಗನ ಮುಖ ನೋಡಿ, ನಾಚಿಕೊಂಡು, ಇಲ್ಲ ಅಂತ ತಲೆಯಾಡಿಸಿದರು. ಹಾಳೆಯಲ್ಲಿ ಮೊಣಕಾಲು ನೋವು ಇಲ್ಲ ಎಂದು ದಾಖಲಾಯಿತು. ಆ ನೋವಿಗಾಗಿ ವರ್ಷಗಟ್ಟಲೆ ಅವರು ಯಾವ ಮಾತ್ರೆ ತಿನ್ನುತ್ತಿದ್ದರು ಎಂಬ ಮುಂದಿನ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ನೋವಿನ ಮಾತ್ರೆಗಳಲ್ಲಿ ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ, ಕೆಲವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಅದು ಮೊದಲೇ ಗೊತ್ತಿರಬೇಕಾದ ಸಂಗತಿ.

ನನ್ನ ಗೈಡ್ ಮೇಡಂ ಮೊದಲು ಓದಲು ಕೊಟ್ಟದ್ದು 2009ರ ಒಂದು ಅಧ್ಯಯನ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಶನ್‌ಗೆಂದು 19 ಅಂಶಗಳ ಒಂದು ತಪಾಸಣೆ ಪಟ್ಟಿ ತಂದಿತು. ಬೋಧ ತಪ್ಪಿಸುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಓಟಿಯಿಂದ ಹೊರಡುವ ಮೊದಲು, ಹೀಗೆ ಮೂರು ಸಲ ಎಲ್ಲರೂ ನಿಂತು ಬಾಯಿಬಿಟ್ಟು ಹೇಳಿ ಖಚಿತ ಮಾಡಿಕೊಳ್ಳಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವು ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. ಓದಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಒಂದು ಹಾಳೆ ಇಷ್ಟು ಜೀವ ಉಳಿಸುತ್ತದಾದರೆ ನಮ್ಮಲ್ಲೂ ಎಲ್ಲರೂ ತುಂಬಿಸುವ ಹಾಗೆ ಮಾಡಿದರೆ ಮುಗಿಯಿತು ಅಂದೆ. ಮೇಡಂ ಏನೂ ಹೇಳದೆ ಇನ್ನೊಂದು ಪ್ರಬಂಧ ಕೈಗಿಟ್ಟರು. 2014ರದ್ದು, ಕೆನಡಾದ ಒಂಟಾರಿಯೊ ಪ್ರಾಂತ್ಯದ್ದು. ಅಲ್ಲಿ 101 ಆಸ್ಪತ್ರೆಗಳಲ್ಲಿ ಅದೇ ಪಟ್ಟಿ ತಂದರು. ಸಾವು ಶೇ. 0.71 ಇದ್ದದ್ದು 0.65 ಆಯಿತು. ಸಂಖ್ಯಾಶಾಸ್ತ್ರ ಒಪ್ಪುವಂಥ ಇಳಿಕೆ ಅಲ್ಲ ಅದು. ಬಳಸುತ್ತಿದ್ದೇವೆ ಎಂದು ಹೇಳಿಕೊಂಡ ಆಸ್ಪತ್ರೆಗಳೇ ಹೆಚ್ಚುಕಮ್ಮಿ ಎಲ್ಲವೂ.

"ಎರಡೂ ಸರಿ ಹೇಗಾಗ್ತದೆ ಅಂತ ಯೋಚನೆ ಮಾಡು" ಅಂದರು ಮೇಡಂ. ಒಂದು ವಾರ ಯೋಚಿಸಿದೆ. ಮಾತಾಡಿದ್ದೂ ಟಿಕ್, ಮಾತಾಡದೆ ಹಾಕಿದ್ದೂ ಟಿಕ್, ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ ಎಂದು ಹೊಳೆಯಿತು. ಫೈಲು ಮಾತ್ರ ನೋಡಿದರೆ ಸಾಲದು, ಓಟಿಯಲ್ಲಿ ನಿಂತು ನೋಡಬೇಕು ಎಂಬ ತೀರ್ಮಾನಕ್ಕೆ ಬಂದದ್ದು ಹಾಗೆ.

ಅದೇ ಮೇಡಂ ಜೇಮ್ಸ್ ರೀಸನ್ ಎಂಬ ಮನಶ್ಶಾಸ್ತ್ರಜ್ಞನ ಮಾದರಿಯನ್ನು ಹೇಳಿಕೊಟ್ಟ ರೀತಿಯನ್ನು ಮರೆಯುವ ಹಾಗಿಲ್ಲ. ಅವನು ಕೊಟ್ಟ ಹೋಲಿಕೆ ತೂತಿರುವ ಚೀಸಿನ ಹೋಳುಗಳದ್ದು. "ನೀನು ಆ ಚೀಸ್ ನೋಡಿದ್ದೀಯಾ? ನಾನೂ ನೋಡ್ಲಿಲ್ಲ. ನೀರುದೋಸೆ ಅಂತ ಇಟ್ಕೊ. ಎಲ್ಲರ ಮನೆ ದೋಸೆಯೂ ತೂತೇ. ಒಂದರ ಮೇಲೊಂದು ಪೇರಿಸಿದ್ರೆ ಒಂದರ ತೂತನ್ನು ಇನ್ನೊಂದು ಮುಚ್ತದೆ. ಎಲ್ಲ ತೂತೂ ಒಂದೇ ಗೆರೆಗೆ ಬಂದ ದಿನ ಅಪಾಯ ರೋಗಿಯವರೆಗೆ ಇಳೀತದೆ." ನನ್ನ ಇಡ್ಲಿಯ ಪ್ರಸಂಗವನ್ನು ಆ ಹೊತ್ತು ಅವರಿಗೆ ಹೇಳಿದೆ. ವಾರ್ಡಿನಲ್ಲಿ ನಾನು, ಬಾಗಿಲಲ್ಲಿ ಓಟಿ ಸಿಸ್ಟರ್, ಒಳಗೆ ಅನಸ್ತೇಶಿಯಾ ಡಾಕ್ಟರ್. ಮೂವರೂ ಕೇಳಿದ್ದೆವು, ಮೂವರೂ 'ಊಟ' ಎಂದೇ ಕೇಳಿದ್ದೆವು. ದೋಸೆ ಮೂರಿದ್ದರೂ ತೂತು ಒಂದೇ ಜಾಗದಲ್ಲಿತ್ತು.

ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಮುಂದೆ ಹೋಗುವ ದಿನ ಕೈ ತಣ್ಣಗಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಅದರಲ್ಲಿ ವೈದ್ಯರಷ್ಟೇ ಇದ್ದರಾಗದು, ಕಾನೂನು ಬಲ್ಲವರು, ಜನಸಾಮಾನ್ಯರ ಪರವಾಗಿ ಒಬ್ಬರು ಇರಲೇಬೇಕು. ಡಾಕ್ಟರುಗಳು ಸ್ಯಾಂಪಲ್ ಎಷ್ಟು, ಟೂಲ್ ಯಾವುದು ಎಂದೆಲ್ಲ ಕೇಳಿದರು, ಸಿದ್ಧವಾಗಿ ಹೋಗಿದ್ದೆ, ಹೇಳಿದೆ. ಕೊನೆಯಲ್ಲಿ ಆ ಜನಸಾಮಾನ್ಯ ಸದಸ್ಯರು, ನಿವೃತ್ತ ಕನ್ನಡ ಮಾಸ್ತರರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ನೀವು ಮೂಲೆಯಲ್ಲಿ ನಿಂತು ಬರ್ಕೊಳ್ತಾ ಇರ್ತೀರಿ. ಕಣ್ಣೆದುರೇ ತಪ್ಪು ಆಗ್ತಾ ಉಂಟು. ಆಗ ಬರ್ಕೊಳ್ತೀರೋ, ಬಾಯಿ ಬಿಡ್ತೀರೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಯಿ ಬಿಟ್ಟರೆ ನಾನು ಅಳೆಯಲು ಬಂದದ್ದನ್ನು ನಾನೇ ಬದಲಿಸಿದ ಹಾಗಾಗುತ್ತದೆ. ಬಿಡದಿದ್ದರೆ ನಾನು ನರ್ಸ್ ಅಲ್ಲ. ಮನೆಗೆ ಬಂದು ಅಧ್ಯಯನದ ಯೋಜನೆಗೆ, ಅಂದರೆ ಪ್ರೊಟೊಕಾಲಿಗೆ, ಒಂದು ಪ್ಯಾರಾ ಸೇರಿಸಿದೆ: ರೋಗಿಗೆ ಅಪಾಯವಾಗುವ ಸೂಚನೆ ಕಂಡರೆ ವೀಕ್ಷಕಿ ತಕ್ಷಣ ಹೇಳುತ್ತಾಳೆ, ಆ ಕೇಸನ್ನು ಲೆಕ್ಕದಿಂದ ಬಿಡಲಾಗುವುದು. ಇಡೀ ಪ್ರಬಂಧದಲ್ಲಿ ನನಗೆ ಅತ್ಯಂತ ಬೆಲೆಯುಳ್ಳ ಪ್ಯಾರಾ ಅದು, ಅದನ್ನು ಬರೆಸಿದವರು ಆ ಮಾಸ್ತರರು.

ಒಪ್ಪಿಗೆ ಪತ್ರದ ಅನುವಾದಕ್ಕೆ ಎರಡು ತಿಂಗಳು ಹಿಡಿಯಿತು. ಮೊದಲ ಕನ್ನಡ ಪ್ರತಿಯಲ್ಲಿ 'ಅರಿವಳಿಕೆ', 'ತೀವ್ರ ನಿಗಾ ಘಟಕ', 'ಶಸ್ತ್ರಚಿಕಿತ್ಸಾ ಪೂರ್ವ' ಎಂಬ ಮಾತುಗಳೇ ತುಂಬಿದ್ದವು. ನಮ್ಮ ಪಕ್ಕದ ಮನೆಯ ಅತ್ತೆಗೆ ಓದಿ ಹೇಳಿದೆ. "ಇದು ಯಾವ ಭಾಷೆ ಮಗಾ?" ಅಂದರು. ಅರಿವಳಿಕೆಯನ್ನು ಬೋಧ ತಪ್ಪಿಸುವುದು ಎಂದು ತಿದ್ದಿದೆ, ಐಸಿಯುವನ್ನು ಐಸಿಯು ಎಂದೇ ಬಿಟ್ಟೆ. 'ಸಂಶೋಧನೆ' ಎಂಬಲ್ಲಿ ಮಾತ್ರ ಸಿಕ್ಕಿಕೊಂಡೆ. ಎಣ್ಮಕಜೆ ಕಡೆಯ ಒಬ್ಬರು ಆ ಶಬ್ದ ಕೇಳುತ್ತಲೇ ಕಾಗದವನ್ನು ವಾಪಸು ಕೊಟ್ಟರು. "ಸರ್ವೆ ಮಾಡುವವರು, ರಕ್ತ ತೆಗೆಯುವವರು, ಫೋಟೋ ಹಿಡಿಯುವವರು ಎಷ್ಟೋ ಜನ ಬಂದು ಹೋಗಿದ್ದಾರೆ" ಅಂದರು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರು ಅದು. ಅವರ ಬೇಸರಕ್ಕೆ ಎದುರು ಮಾತಿಲ್ಲ. "ನಿಮ್ಮಿಂದ ಎಂತದೂ ತೆಗೆಯುವುದಿಲ್ಲ. ನಾವು ನರ್ಸುಗಳು ನಿಮ್ಮನ್ನು ಸರಿಯಾಗಿ ನೋಡಿಕೊಳ್ತೇವಾ ಅಂತ ನಮ್ಮನ್ನೇ ಪರೀಕ್ಷೆ ಮಾಡುವುದು" ಎಂದು ವಿವರಿಸಿದೆ. ಸಹಿ ಹಾಕಿದರು. ಆ ವಾಕ್ಯವನ್ನೇ ಮಾಹಿತಿ ಪತ್ರದ ಮೊದಲ ಸಾಲು ಮಾಡಿ, ಕಮಿಟಿಯ ಒಪ್ಪಿಗೆ ಮತ್ತೆ ಪಡೆದೆ.

ಓಟಿಯಲ್ಲಿ ನಿಂತ ಮೊದಲ ವಾರ ಎಲ್ಲವೂ ಪುಸ್ತಕದಲ್ಲಿರುವ ಹಾಗೆ ನಡೆಯಿತು. ನನ್ನ ಕ್ಲಿಪ್‌ಬೋರ್ಡ್ ಕಂಡರೆ ಸಾಕು, ಎಲ್ಲರೂ ನಿಂತು ಹೆಸರು ಹೇಳಿ, ಭಾಗ ಹೇಳಿ, ಆಂಟಿಬಯೋಟಿಕ್ ಕೊಟ್ಟ ಹೊತ್ತು ಹೇಳುತ್ತಿದ್ದರು. ಯಾರೋ ನೋಡುತ್ತಿದ್ದಾರೆ ಎಂದಾದರೆ ಮನುಷ್ಯ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಾನೆ. ಆ ವಾರದ ನಮೂನೆಗಳನ್ನು ಪಕ್ಕಕ್ಕಿಟ್ಟೆ. ಮೂರನೆಯ ವಾರದ ಹೊತ್ತಿಗೆ ನಾನು ಗೋಡೆಯ ಗಡಿಯಾರದಂತೆ ಆಗಿಬಿಟ್ಟೆ, ಯಾರೂ ಲಕ್ಷಿಸುತ್ತಿರಲಿಲ್ಲ. ಆಗ ನಿಜ ಕಾಣತೊಡಗಿತು. ಫೈಲಿನಲ್ಲಿ ಮೂರೂ ಹಂತಕ್ಕೆ ಟಿಕ್ ಇರುತ್ತಿತ್ತು. ಚರ್ಮ ಕೊಯ್ಯುವ ಮೊದಲಿನ ಆ ಒಂದು ನಿಮಿಷದ ಮಾತು ಎಷ್ಟೋ ಸಲ ಇರುತ್ತಿರಲಿಲ್ಲ. ಸೋಮಾರಿತನ ಎಂದು ನಾನು ಹೇಳಲಾರೆ. ಒಂದೇ ಮೇಜು, ಏಳು ಕೇಸು, ಹೊರಗೆ ಕಾಯುವ ಬೈಸ್ಟ್ಯಾಂಡರುಗಳು, ರೋಗಿಯ ಜತೆಗೆ ಬಂದವರು.

ಮಾತು ನಡೆದ ಕಡೆ ಏನಾಗುತ್ತದೆ ಎಂಬುದನ್ನೂ ಕಂಡೆ. ಹೊಟ್ಟೆಯ ದೊಡ್ಡ ಆಪರೇಶನ್ ಒಂದು ಮುಗಿಯುತ್ತ ಬಂದಿತ್ತು. ಸರ್ಜನ್ ಸೂಜಿ ಕೈಗೆ ತೆಗೆದುಕೊಂಡಿದ್ದರು. ಕೆಲಸಕ್ಕೆ ಸೇರಿ ವರ್ಷವೂ ಆಗದ ಸ್ಕ್ರಬ್ ನರ್ಸ್, ಸರ್ಜನ್ ಕೈಗೆ ಉಪಕರಣ ಕೊಡುವವಳು, ರಕ್ತ ಒರೆಸುವ ಬಟ್ಟೆಯ ಮೋಪುಗಳನ್ನು ಎಣಿಸುತ್ತಿದ್ದಳು. ಐದೈದರ ಕಟ್ಟು, ಬೋರ್ಡಿನಲ್ಲಿ 15 ಎಂದು ಬರೆದಿತ್ತು. ಎರಡು ಸಲ ಎಣಿಸಿದಳು. ಮಾಸ್ಕಿನ ಒಳಗಿಂದ ಅವಳ ಸ್ವರ ಬಂದದ್ದು ಬಹಳ ಸಣ್ಣದಾಗಿ: "ಸರ್, ಒಂದು ಕಮ್ಮಿ." ಓಟಿ ಸ್ತಬ್ಧವಾಯಿತು. ಸರ್ಜನ್ ಸೂಜಿ ಕೆಳಗಿಟ್ಟರು. ಹೊಟ್ಟೆಯೊಳಗೆ ಕೈ ಹಾಕಿ ನಾಲ್ಕೂ ಮೂಲೆ ಸವರಿದರು. ಯಕೃತ್ತಿನ ಹಿಂದಿನಿಂದ ಅದು ಬಂತು, ರಕ್ತದಲ್ಲಿ ನೆನೆದು ಒಳಗಿನ ಬಣ್ಣಕ್ಕೇ ತಿರುಗಿತ್ತು. "ಒಳ್ಳೇದಾಯ್ತು ಮೋಳೆ" ಅಂದರು ಅವರು, ಮಗಳೇ ಅಂತ. ಅಷ್ಟೇ. ಆ ಹುಡುಗಿಯ ಕಣ್ಣು ತುಂಬಿತ್ತು, ನನ್ನ ಕಣ್ಣೂ.

ಅಮೆರಿಕದ ಮಿಶಿಗನ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಐಸಿಯು ಅಧ್ಯಯನದಲ್ಲಿ ನನಗೆ ಹಿಡಿಸಿದ್ದೂ ಇದೇ. ದೊಡ್ಡ ರಕ್ತನಾಳಕ್ಕೆ ಕ್ಯಾತಿಟರ್ ಎಂಬ ಸಣ್ಣ ಕೊಳವೆ ಹಾಕುವಾಗ ಕೈ ತೊಳೆಯುವುದರಿಂದ ಹಿಡಿದು ಐದು ಸರಳ ಕ್ರಮಗಳು. ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಅವನ್ನು ತಂದಾಗ ಸೋಂಕಿನ ದರದ ಮಧ್ಯಾಂಕ (ಮೀಡಿಯನ್) 1,000 ಕ್ಯಾತಿಟರ್ ದಿನಗಳಿಗೆ 2.7 ಇದ್ದದ್ದು ಮೂರು ತಿಂಗಳಲ್ಲಿ ಸೊನ್ನೆಗೆ ಬಂತು. ಆ ಐದರಲ್ಲಿ ಯಾವುದೂ ಹೊಸ ವಿದ್ಯೆ ಅಲ್ಲ. ಒಂದು ಕ್ರಮ ತಪ್ಪಿದರೂ ಡಾಕ್ಟರನ್ನು ತಡೆಯುವ ಅಧಿಕಾರವನ್ನು ನರ್ಸುಗಳಿಗೆ ಕೊಟ್ಟದ್ದು ಹೊಸದು.

ನಮ್ಮ ಐಸಿಯುನಲ್ಲಿ ಮಾತ್ರ ನಾನು ಹುಡುಕದೆ ಇದ್ದದ್ದೊಂದು ಎದುರಾಯಿತು. ಹೊಟ್ಟೆಯ ಆಪರೇಶನ್ ಆಗಿದ್ದ ಒಬ್ಬ ಅಜ್ಜಿಯ ಚಾರ್ಟ್. ಎಚ್ಚರದ ಮಟ್ಟವನ್ನು ಗ್ಲಾಸ್ಗೋ ಕೋಮಾ ಸ್ಕೇಲಿನಲ್ಲಿ ಅಳೆಯುತ್ತೇವೆ. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಇದ್ದರೆ ಪೂರ್ಣ ಎಚ್ಚರ. ಅಜ್ಜಿಯದು ಹಗಲು 15, ರಾತ್ರಿ 12, ಮರುದಿನ 15, ರಾತ್ರಿ ಮತ್ತೆ 12. ಕುಸಿಯುತ್ತಿದ್ದದ್ದು ಮಾತಿನ ಅಂಕ ಮಾತ್ರ, 5ರಿಂದ 2ಕ್ಕೆ. 2 ಅಂದರೆ ಅರ್ಥವಾಗದ ಬರೀ ಸ್ವರ. ತಲೆಯ ಸ್ಕ್ಯಾನ್ ಮಾಡಿಸಬೇಕೇ ಎಂಬ ಚರ್ಚೆ ರೌಂಡ್ಸಿನಲ್ಲಿ ನಡೆದಿತ್ತು. ಡ್ಯೂಟಿ ಪಟ್ಟಿಯನ್ನು ಚಾರ್ಟಿನ ಪಕ್ಕ ಇಟ್ಟು ನೋಡಿದೆ. ಹಗಲು ಇದ್ದವರು ಕುಂಬಳೆಯ ಸಿಸ್ಟರ್. ರಾತ್ರಿ ಇದ್ದವಳು ದಕ್ಷಿಣದಿಂದ ಬಂದು ತಿಂಗಳಾಗಿದ್ದ ಹುಡುಗಿ. ಆ ರಾತ್ರಿ ಒಂಬತ್ತಕ್ಕೆ ಹೋಗಿ ಅಜ್ಜಿಯ ಹತ್ತಿರ ಕೂತೆ. ನಿದ್ದೆಗಣ್ಣಿನಲ್ಲಿ, ಹಲ್ಲುಸೆಟ್ಟು ಇಲ್ಲದ ಬಾಯಲ್ಲಿ ಒಂದೇ ಮಾತು ಹೇಳುತ್ತಿದ್ದರು: "ಬಂಜಿ ಬೇನೆ ಆಪುಂಡು, ಬಂಜಿ ಬೇನೆ ಆಪುಂಡು." ಹೊಟ್ಟೆ ನೋಯುತ್ತಿದೆ ಎಂದು ಅಚ್ಚ ತುಳುವಿನಲ್ಲಿ ಹೇಳುತ್ತಿದ್ದರು. ಎರಡು ರಾತ್ರಿ ಹೇಳಿದ್ದರು. ಅದನ್ನು ಅರ್ಥವಿಲ್ಲದ ಸ್ವರ ಎಂದು ಬರೆದುಕೊಂಡಿದ್ದೆವು, ನೋವಿನ ಔಷಧಿ ಹೆಚ್ಚಿಸಿರಲಿಲ್ಲ. ಡಾಕ್ಟರನ್ನು ಕರೆಸಿದೆ, ಅವರು ಹೊಟ್ಟೆ ಪರೀಕ್ಷಿಸಿದರು, ಔಷಧಿ ಬದಲಾಯಿತು, ಅಜ್ಜಿ ನಿದ್ದೆ ಹೋದರು. ಆ ಹುಡುಗಿ ನನ್ನ ಕೈ ಹಿಡಿದು "ಚೇಚಿ, ಎನಿಕ್ಕ್ ಅರಿಯಿಲ್ಲಾಯಿರುನ್ನು" ಅಂದಳು, ನನಗೆ ಗೊತ್ತಿರಲಿಲ್ಲ ಅಂತ. ಅವಳಿಗೆ ಹೇಗೆ ಗೊತ್ತಿರಬೇಕು? ಹೇಳಿಕೊಟ್ಟವರು ಯಾರು? ಇವಳಿಗೂ ಒಂದು ಮೆಮೊ ಕೊಟ್ಟು ಕೈ ತೊಳೆದುಕೊಳ್ಳುವುದಾದರೆ ನಾನು ಓದಿದ್ದಕ್ಕೆ ಅರ್ಥವಿಲ್ಲ ಅನ್ನಿಸಿತು. ನರ್ಸಿಂಗ್ ಸೂಪರಿಂಟೆಂಡೆಂಟರ ಹತ್ತಿರ ಹೋಗಿ ಅದನ್ನೇ ಹೇಳಿದೆ. ಅವರು ಕೇಳಿಸಿಕೊಂಡರು, ಮೆಮೊ ಬರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ಸ್ಥಳೀಯ ರೂಢಿಗೆ ತಕ್ಕಂತೆ ಸೇರಿಸಿ, ಬದಲಿಸಿಕೊಳ್ಳಿ ಎಂದು. ಅದನ್ನು ಹಿಡಿದುಕೊಂಡು ವೀಕ್ಷಣೆಯೆಲ್ಲ ಮುಗಿದ ಮೇಲೆ ಒಂದು ಕಾರ್ಡ್ ಮಾಡಿದೆವು. ಹೌದು, ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಅದರಲ್ಲಿ ಒಂದೂ ಇಲ್ಲ. ಊಟ ಎಂಬ ಶಬ್ದವೂ ಇಲ್ಲ. "ಬೆಳಿಗ್ಗೆ ಎದ್ದ ಮೇಲೆ ಬಾಯಿಗೆ ಏನೇನು ಹೋಗಿದೆ?" "ಯಾವ ಭಾಗದ ಆಪರೇಶನ್ ಅಂತ ನೀವೇ ಮುಟ್ಟಿ ತೋರಿಸಿ." "ಹೆಸರು ಹೇಳಿ, ಮನೆ ಹೆಸರೂ ಹೇಳಿ." ಕನ್ನಡದ್ದೂ ತುಳುವಿನದ್ದೂ ಮಲಯಾಳ ಲಿಪಿಯಲ್ಲಿ ಬರೆದದ್ದು, ಓದಬೇಕಾದವರು ಆ ಮಕ್ಕಳಾದ್ದರಿಂದ. ಕನ್ನಡವನ್ನು ಮಲಯಾಳದ ಅಕ್ಷರದಲ್ಲಿ ಬರೆದದ್ದಕ್ಕೆ ನಮ್ಮವರೇ ಒಬ್ಬರು ಬೇಸರ ಮಾಡಿಕೊಂಡರು. ಗಡಿನಾಡಿನಲ್ಲಿ ಕನ್ನಡಕ್ಕಾಗಿ ದುಡಿದ ಹಿರಿಯರು, ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಕೋಟ್ಟಯಂನ ಹುಡುಗಿಯ ಬಾಯಲ್ಲಿ ಕನ್ನಡ ಬರುವುದಾದರೆ ಅದು ಯಾವ ಅಕ್ಷರದಿಂದ ಬಂದರೂ ನನಗೆ ಕನ್ನಡವೇ.

ಕಮಿಟಿಯ ಮಾಸ್ತರರು ಕೇಳಿದ ಪ್ರಶ್ನೆ ವೀಕ್ಷಣೆಯ ಕೊನೆಯ ದಿನಗಳಲ್ಲಿ ಎದುರಿಗೇ ಬಂದು ನಿಂತಿತ್ತು. ಹರ್ನಿಯಾ ಆಪರೇಶನ್‌ಗೆ ಬಂದ ಅಜ್ಜ, ಪೆರ್ಲದ ಹತ್ತಿರದವರು. ಓಟಿಯ ಹೊರಗಿನ ಟ್ರಾಲಿಯಲ್ಲಿ ಮಲಗಿದ್ದರು. "ಊಟ ಮಾಡಿಲ್ಲ ಅಲ್ವಾ ಅಜ್ಜ?" ಎಂಬ ಪ್ರಶ್ನೆ ಕಿವಿಗೆ ಬಿತ್ತು. "ಇಲ್ಲಪ್ಪ." ಪೆನ್ನು ಟಿಕ್ ಹಾಕಲು ಇಳಿಯಿತು. ನಾನು ಕ್ಲಿಪ್‌ಬೋರ್ಡನ್ನು ಕಿಟಕಿಯ ಮೇಲಿಟ್ಟು ಹತ್ತಿರ ಹೋದೆ.

"ಅಜ್ಜ, ಬೆಳಿಗ್ಗೆ ಎದ್ದ ಮೇಲೆ ಬಾಯಿಗೆ ಎಂತೆಲ್ಲ ಹೋಗಿದೆ?"

"ಎಂತ ಇಲ್ಲ ಮಗಾ. ಬಿಪಿದು ಮಾತ್ರೆ ತಿಂದೆ. ಖಾಲಿ ಹೊಟ್ಟೆಗೆ ಮಾತ್ರೆ ಆಗುದಿಲ್ಲ ಅಂತ ಒಂದು ಲೋಟ ಗಂಜಿ ಕುಡಿದೆ. ಅಗಳು ಸ್ವಲ್ಪ ಇತ್ತು."

ಆಗ ಒಂಬತ್ತು ಗಂಟೆ. ಅಜ್ಜ ಗಂಜಿ ಕುಡಿದದ್ದು ಏಳಕ್ಕೆ. ಅವರ ಸರದಿಯನ್ನು ಮಧ್ಯಾಹ್ನದ ಕೊನೆಗೆ ಹಾಕಿದರು. ಸಂಜೆ ಎಚ್ಚರವಾದಾಗ ಮಗಳ ಹತ್ತಿರ ಗಂಜಿ ಕೇಳಿದರಂತೆ. ಆ ದಿನದ ನಮೂನೆಗೆ ಅಡ್ಡ ಗೆರೆ ಎಳೆದು 'ಲೆಕ್ಕದಿಂದ ಬಿಟ್ಟಿದೆ' ಎಂದು ಬರೆದು ಸಹಿ ಹಾಕಿದೆ. ಪ್ರಬಂಧದ ಯಾವ ಕೋಷ್ಟಕದಲ್ಲೂ ಆ ಅಜ್ಜ ಇಲ್ಲ. ಆ ಹಾಳೆಯನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಮೊನ್ನೆ ಅದೇ ಆಸ್ಪತ್ರೆಗೆ ಪರಿಚಯದವರನ್ನು ನೋಡಲು ಹೋಗಿದ್ದೆ. ವಾರ್ಡಿನ ಮೇಜಿನ ಗಾಜಿನ ಕೆಳಗೆ ಕಾರ್ಡ್ ಇದೆ, ಅಂಚು ಹಳದಿಯಾಗಿದೆ. ಅಜ್ಜಿಯ ಮಾತು ಅರ್ಥವಾಗದೆ ನನ್ನ ಕೈ ಹಿಡಿದಿದ್ದ ಆ ಹುಡುಗಿ ಈಗ ಅಲ್ಲಿ ಹಿರಿಯ ಸಿಸ್ಟರ್. ಕಾರ್ಡ್ ನೋಡದೆಯೇ ಒಬ್ಬರ ಮೇಲೆ ಬಗ್ಗಿ ಕೇಳುತ್ತಿದ್ದಳು: "ಕಾಂಡೆ ದಾದ ತಿಂಡರ್, ದಾದ ಪರಿಯರ್?" ಬೆಳಿಗ್ಗೆ ಏನು ತಿಂದಿರಿ, ಏನು ಕುಡಿದಿರಿ ಅಂತ. ಅವಳ ತುಳು ಕೇಳಿ ಆ ಹೆಂಗಸಿಗೆ ನಗು ಬಂತು. ನಗುತ್ತಲೇ ಒಂದೊಂದಾಗಿ ಹೇಳತೊಡಗಿದರು.